ಮೊಣಕೈ ದರ್ಶನ ಸಾಕು, ಲಾರಿಯನ್ನೂ ಸ್ವಲ್ಪ ತೋರಿಸಿ

ಟೂರಿಂಗ್ ಬೈಕ್ ತಯಾರಿಸುವ ಕಂಪನಿಗಳ ವಿನ್ಯಾಸ ವಿಭಾಗದ ಮಹನೀಯರಿಗೆ ನಮಸ್ಕಾರಗಳು.

ಮೊದಲು ಅಭಿನಂದನೆ. ದೂರದೂರಿಗೆ ಬೈಕಿನಲ್ಲಿ ಹೋಗುವವರಿಗೆ ಏನೇನು ಬೇಕು ಎಂಬುದನ್ನು ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ಬಣ್ಣದ ಪರದೆ ಕೊಟ್ಟಿರಿ. ಮಳೆಗೊಂದು, ಮಣ್ಣುರಸ್ತೆಗೊಂದು, ಹುಮ್ಮಸ್ಸಿಗೊಂದು ಎಂದು ರೈಡಿಂಗ್ ಮೋಡ್ ಕೊಟ್ಟಿರಿ. ಫೋನ್ ಮಾಡಿದವರ ಹೆಸರು ಕಣ್ಣೆದುರೇ ಮೂಡುವಂತೆ ಮಾಡಿದಿರಿ. ಮುಂದಿನ ತಿರುವು ಎಷ್ಟು ಮೀಟರ್ ದೂರದಲ್ಲಿದೆ ಎಂದು ಆಕಾಶದ ಉಪಗ್ರಹವನ್ನೇ ಕೇಳಿ ಹೇಳುತ್ತೀರಿ. ಬೆನ್ನ ಹಿಂದೆ ಹತ್ತು ಮೀಟರಿನಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ನಿಮ್ಮ ಬೈಕು ವಿನಯದಿಂದ ಸವಾರನ ಮೊಣಕೈಯನ್ನು ತೋರಿಸುತ್ತದೆ. ಎಡಗನ್ನಡಿಯಲ್ಲಿ ಎಡ ಮೊಣಕೈ, ಬಲಗನ್ನಡಿಯಲ್ಲಿ ಬಲ ಮೊಣಕೈ. ಈ ವಿಷಯದಲ್ಲಿ ನೀವು ಪಕ್ಷಪಾತ ಮಾಡಿಲ್ಲ ಎಂದು ಒಪ್ಪಲೇಬೇಕು. ಬೇಲೂರಿನ ದರ್ಪಣ ಸುಂದರಿಯೂ ಶತಮಾನಗಳಿಂದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದಾಳೆ. ಆದರೆ ಅವಳ ಬೆನ್ನಿಗಿರುವುದು ಚೆನ್ನಕೇಶವನ ಗುಡಿ, ಜಲ್ಲಿ ತುಂಬಿದ ಟಿಪ್ಪರ್ ಅಲ್ಲ.

ಮುಂದೆ ನೋಡಿಕೊಂಡು ಹೋಗುವವರಿಗೆ ಹಿಂದಿನ ಚಿಂತೆ ಏಕೆ ಎಂದು ನೀವು ಕೇಳಬಹುದು. ಚಿಂತೆ ನಮ್ಮದಲ್ಲ, ಕಾನೂನು ಹಚ್ಚಿದ್ದು. ಕೇಂದ್ರ ಸರ್ಕಾರ 2018ರಲ್ಲಿ ಪರಿಷ್ಕರಿಸಿದ ಗರಿಷ್ಠ ವೇಗದ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ನಡುವೆ ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ., ಬಸ್ಸಿಗೆ 90, ಬೈಕಿಗೆ 80. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 120, ಬೈಕಿಗೆ ಅದೇ 80. ಅಂದರೆ ನಿಯಮ ಪಾಲಿಸುವ ಸವಾರ ಹೆದ್ದಾರಿಯಲ್ಲಿ ಕಾರು, ಬಸ್ಸುಗಳಿಂದ ಓವರ್‌ಟೇಕ್ ಮಾಡಿಸಿಕೊಳ್ಳಬೇಕಾದವನು ಎಂದು ಸರ್ಕಾರವೇ ಗೆಜೆಟ್‌ನಲ್ಲಿ ಅಚ್ಚು ಹಾಕಿಸಿದೆ. ಎದುರಿನ ಹಂಪು, ಗುಂಡಿ, ಹಸುಗಳನ್ನು ಅವನು ತಾನಾಗಿ ಸಮೀಪಿಸುತ್ತಾನೆ. ಬೇಕಾದರೆ ಬ್ರೇಕ್ ಹಿಡಿಯುತ್ತಾನೆ. ಹಿಂದಿನಿಂದ ಬರುವುದು ಅವನನ್ನು ಸಮೀಪಿಸುತ್ತದೆ, ಅದರ ಬ್ರೇಕು ಇನ್ನೊಬ್ಬರ ಕಾಲಡಿ ಇದೆ. ಗಂಟೆಗೆ 40 ಕಿ.ಮೀ. ವ್ಯತ್ಯಾಸವೆಂದರೆ ಸೆಕೆಂಡಿಗೆ 11 ಮೀಟರ್. ನೂರು ಮೀಟರ್ ಹಿಂದಿದ್ದ ಕಾರು ಒಂಬತ್ತು ಸೆಕೆಂಡಿನಲ್ಲಿ ಪಕ್ಕಕ್ಕೆ ಬಂದಿರುತ್ತದೆ. ಈ ವೇಗದ ಅಂತರಕ್ಕೆ ಹೆದರಿಯೇ ಹೆದ್ದಾರಿ ಪ್ರಾಧಿಕಾರ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಿಂದ ಬೈಕುಗಳನ್ನು ಸರ್ವಿಸ್ ರಸ್ತೆಗೆ ಇಳಿಸಿತು. ಆ ನಿರ್ಧಾರ ಸರಿಯೇ ತಪ್ಪೇ ಎಂಬ ಜಗಳ ಬೇರೆ. ಪ್ರಾಧಿಕಾರದ ಕಣ್ಣಿಗೆ ಬಿದ್ದ ಅಂತರ ನಿಮ್ಮ ಡ್ರಾಯಿಂಗ್ ಮೇಜಿನ ಮೇಲೆ ಬಿದ್ದಂತಿಲ್ಲ ಎಂಬುದಷ್ಟೇ ಇಲ್ಲಿನ ದೂರು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ; ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅದೇ ಸರ್ಕಾರಿ ವರದಿಯಲ್ಲಿ ‘ಹಿಂದಿನಿಂದ ಡಿಕ್ಕಿ’ ಎಂಬ ಕಲಮಿನ ಪಾಲು ಒಟ್ಟು ಅಪಘಾತಗಳ ಸುಮಾರು ಐದನೇ ಒಂದು ಭಾಗ. ಅದು ಎಲ್ಲ ವಾಹನಗಳ ಲೆಕ್ಕ, ಬೈಕಿನದೊಂದೇ ಅಲ್ಲ. ಅವೆಲ್ಲವನ್ನೂ ಕನ್ನಡಿ ತಪ್ಪಿಸುತ್ತಿತ್ತು ಎಂದು ಹೇಳಿದರೆ ಅದು ನಿಮ್ಮ ಜಾಹೀರಾತಿನ ಭಾಷೆಯಾದೀತು. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಡವಾದರೂ ಬೆನ್ನ ಹಿಂದಿನ ಬಸ್ಸಿಗೆ ಬೇಕು ಎನ್ನಲು ಅಷ್ಟು ಸಾಕು.

ನಿಯಮದ ಪ್ರಕಾರವೇ ಕನ್ನಡಿ ಕೊಟ್ಟಿದ್ದೇವಲ್ಲ ಎಂದು ನೀವು ಹೇಳುತ್ತೀರಿ. ಕೊಟ್ಟಿದ್ದೀರಿ, ಅಲ್ಲಿಯೇ ಸ್ವಾರಸ್ಯ ಇರುವುದು. ನಮ್ಮಲ್ಲಿ ಎಐಎಸ್-001, ಎಐಎಸ್-002 ಎಂಬ ಮಾನದಂಡಗಳಿವೆ. ಜಗತ್ತಿನ ಅನೇಕ ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 81ನೇ ನಿಯಮಾವಳಿಯೂ ಇದೆ. ಆ ನಿಯಮಾವಳಿ ಕೇಳುವ ಮುಖ್ಯ ಅಳತೆಗಳು ಇವು: ಗಾಜಿನ ವಿಸ್ತೀರ್ಣ 69 ಚದರ ಸೆಂ.ಮೀ.ಗಿಂತ ಕಡಿಮೆ ಇರಬಾರದು, ದುಂಡಗಿದ್ದರೆ ವ್ಯಾಸ ಕನಿಷ್ಠ 94 ಮಿ.ಮೀ. ಇರಬೇಕು, ಗಾಜಿನ ನಡುಬಿಂದು ಬೈಕಿನ ನಡುಗೆರೆಯಿಂದ ಕನಿಷ್ಠ 280 ಮಿ.ಮೀ. ಆಚೆ ಇರಬೇಕು. ಎಲ್ಲವೂ ಗಾಜಿನ ಅಳತೆ. ಗಾಜಿಗೂ ರಸ್ತೆಗೂ ನಡುವೆ ಕುಳಿತಿರುವ ಮನುಷ್ಯನ ಅಳತೆ, ಅವನ ದಪ್ಪ ಜಾಕೆಟ್ಟು, ಹಿಂಬದಿ ಸವಾರರು, ಸೀಟಿಗೆ ಕಟ್ಟಿದ ಗಂಟು ಇವು ಯಾವುವೂ ಆ ಲೆಕ್ಕಕ್ಕೆ ಬರುವುದಿಲ್ಲ. ಈಗ ನಾವೇ ಲೆಕ್ಕ ಹಾಕೋಣ. ಗಾಜಿನ ನಡುಬಿಂದು 28 ಸೆಂ.ಮೀ. ಆಚೆ ಇದೆ. ಬಡಕಲಲ್ಲದ ಒಬ್ಬ ಗಂಡಸಿನ ಭುಜ ನಡುಗೆರೆಯಿಂದ ಸುಮಾರು 23 ಸೆಂ.ಮೀ.; ಅದರ ಮೇಲೆ ಪ್ಯಾಡ್ ಇರುವ ರೈಡಿಂಗ್ ಜಾಕೆಟ್ ಹಾಕಿದರೆ 26 ದಾಟುತ್ತದೆ. ಅಗಲವಾದ ಹ್ಯಾಂಡಲ್ ಹಿಡಿದಾಗ ಮೊಣಕೈ ಇನ್ನೂ ಹೊರಗೆ ಚಾಚುತ್ತದೆ. ಹಾಗಾಗಿ ಗಾಜಿನ ಒಳ ಅರ್ಧ ಸವಾರನ ಸ್ವಂತ ಆಸ್ತಿ. ಉಳಿದ ಅರ್ಧದಲ್ಲಿ ಪಕ್ಕದ ಪಥ ಕಂಡೀತು. ತನ್ನದೇ ಪಥದಲ್ಲಿ ನೇರ ಹಿಂದೆ ಬರುತ್ತಿರುವುದು ಕಾಣಬೇಕಾದರೆ ನೋಟ ಗಾಜಿನಿಂದ ಹೊರಟು ಹಿಂಬದಿ ಸವಾರರ ತೋಳನ್ನು ಸವರಿಕೊಂಡು ಒಳಮುಖವಾಗಿ ಸಾಗಬೇಕು. ಅವರ ತೋಳೂ ಹೆಚ್ಚುಕಡಿಮೆ ಅದೇ 28 ಸೆಂ.ಮೀ. ಆಚೆಯೇ ಇರುತ್ತದೆ. ಗಾಜನ್ನು ಐದಾರು ಸೆಂಟಿಮೀಟರ್ ಹೊರಕ್ಕೆ ಸರಿಸಿದರೆ ದಾರಿ ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ಮುಚ್ಚಿಕೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಮಾರುವವರಿಗೆ ಈ ಜ್ಯಾಮಿತಿ ಗೊತ್ತು. ಅದಕ್ಕೇ ಕನ್ನಡಿಯ ಬುಡಕ್ಕೆ ತಿರುಪಿ ಹೊರಕ್ಕೆ ಚಾಚುವ ಎಕ್ಸ್‌ಟೆಂಡರ್ ತುಂಡುಗಳು ಅಂಗಡಿಗಳಲ್ಲಿ ನೇತಾಡುತ್ತವೆ.

ಗಾಜಿನ ಬಾಗಿನ ವಿಷಯಕ್ಕೆ ಬಂದರೆ, ಹೈಸ್ಕೂಲಿನಲ್ಲಿ ಪೀನ ದರ್ಪಣದ ಪಾಠ ನಿದ್ದೆಯಲ್ಲಿ ಕಳೆದವರಿಗೆ ಒಂದು ಲೆಕ್ಕ. ನಿಯಮಾವಳಿ ಹೇಳುವಂತೆ ಬಾಗಿನ ತ್ರಿಜ್ಯ 1000ದಿಂದ 1500 ಮಿ.ಮೀ. ಒಳಗಿರಬೇಕು. 1200 ಎಂದಿಟ್ಟುಕೊಳ್ಳಿ. ದೂರದ ವಸ್ತುವಿನ ಬಿಂಬ ಗಾಜಿನ ಹಿಂದೆ ಆ ತ್ರಿಜ್ಯದ ಅರ್ಧದಷ್ಟು, ಅಂದರೆ 60 ಸೆಂ.ಮೀ.ನಲ್ಲಿ ಮೂಡುತ್ತದೆ. ಸವಾರನ ಕಣ್ಣೂ ಗಾಜಿನಿಂದ ಅಷ್ಟೇ ದೂರದಲ್ಲಿದ್ದರೆ, ಚಪ್ಪಟೆ ಕನ್ನಡಿಯಲ್ಲಿ ಕಾಣುವುದರ ಅರ್ಧ ಗಾತ್ರಕ್ಕೆ ಲಾರಿ ಕುಗ್ಗುತ್ತದೆ. ಗಾತ್ರದಿಂದ ದೂರ ಅಂದಾಜು ಮಾಡುವ ಕಣ್ಣಿಗೆ ಐವತ್ತು ಮೀಟರಿನಲ್ಲಿರುವುದು ನೂರು ಮೀಟರಿನಲ್ಲಿರುವಂತೆ ಕಾಣುತ್ತದೆ. ಇದಕ್ಕೆ ನಿಮ್ಮನ್ನು ಬೈಯುವುದು ಅನ್ಯಾಯ. ಉಬ್ಬು ಇಲ್ಲದೆ ನೋಟದ ಅಗಲ ಸಿಗುವುದಿಲ್ಲ. ಆದರೆ ಬಿಂಬವನ್ನು ಅರ್ಧ ಮಾಡಿದ ಮೇಲೆ ಗಾಜನ್ನೂ ಕನಿಷ್ಠ ಮಿತಿಯ ಅಂಚಿಗೆ ತಂದು, ಎಲೆಯಂತೆಯೂ ಬಾವಲಿಯ ರೆಕ್ಕೆಯಂತೆಯೂ ಕತ್ತರಿಸಿ, ಉಳಿದದ್ದರಲ್ಲಿ ಅರ್ಧವನ್ನು ಮೊಣಕೈಗೆ ದಾನ ಮಾಡಿದ್ದು ಮಾತ್ರ ನಿಮ್ಮ ಸ್ವಂತ ಕೊಡುಗೆ.

ಇನ್ನು ನಡುಕ. 1909ರಲ್ಲಿ ಡೊರೊಥಿ ಲೆವಿಟ್ ಎಂಬ ಇಂಗ್ಲೆಂಡಿನ ಚಾಲಕಿ ಮಹಿಳೆಯರಿಗಾಗಿ ಬರೆದ ಕಾರಿನ ಪುಸ್ತಕದಲ್ಲಿ, ಕೈಗನ್ನಡಿಯೊಂದನ್ನು ಹತ್ತಿರ ಇಟ್ಟುಕೊಂಡು ಆಗಾಗ ಎತ್ತಿ ಹಿಂದೆ ನೋಡಿಕೊಳ್ಳಿ ಎಂದು ಸಲಹೆ ಕೊಟ್ಟಳು. ಎರಡು ವರ್ಷದ ಮೇಲೆ ಇಂಡಿಯಾನಾಪೊಲಿಸ್‌ನ ಮೊದಲ 500 ಮೈಲಿ ಸ್ಪರ್ಧೆಯಲ್ಲಿ, ಉಳಿದವರೆಲ್ಲ ಹಿಂದೆ ನೋಡಲು ಪಕ್ಕದಲ್ಲೊಬ್ಬ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡಿದ್ದಾಗ, ರೇ ಹ್ಯಾರೂನ್ ಒಂಟಿಯಾಗಿ ಬಂದ. ಉಳಿದವರು ತಕರಾರು ತೆಗೆದಾಗ ಕಾರಿಗೆ ಒಂದು ಕನ್ನಡಿ ಬಿಗಿದು ಓಡಿಸಿದ, ಗೆದ್ದ. ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಎಷ್ಟು ಅಲುಗುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ಆಮೇಲೆ ಅವನೇ ಒಪ್ಪಿಕೊಂಡ. ಆ ಪರಂಪರೆಯನ್ನು ನೂರು ವರ್ಷ ಕೆಡದಂತೆ ಕಾಪಾಡಿಕೊಂಡು ಬಂದವರು ನೀವು. ನಿಮಿಷಕ್ಕೆ 5000 ಸುತ್ತು ತಿರುಗುವ ಒಂಟಿ ಸಿಲಿಂಡರ್ ಎಂಜಿನ್ನು ಹ್ಯಾಂಡಲ್ಲನ್ನು ಸೆಕೆಂಡಿಗೆ 83 ಸಲ ಅಲುಗಿಸುತ್ತದೆ. ತೆಳು ಕಂಬಿಯ ತುದಿಯಲ್ಲಿ ಕೂತ ಗಾಜಿನ ಸಹಜ ಕಂಪನವೂ ಆ ಲಯದ ಹತ್ತಿರವಿದ್ದರೆ ಹಿಂದಿನ ಎರಡು ಹೆಡ್‌ಲೈಟು ಬೆಳಕಿನ ಎರಡು ಗೆರೆಗಳಾಗುತ್ತವೆ. ಅದು ಕಾರೋ, ಲಾರಿಯೋ, ಪಕ್ಕಪಕ್ಕದಲ್ಲಿ ಬರುತ್ತಿರುವ ಎರಡು ಬೈಕುಗಳೋ, ಊಹೆ ನಮ್ಮದು. ಪರಿಹಾರ ಬ್ರಹ್ಮವಿದ್ಯೆಯೇನಲ್ಲ: ಹ್ಯಾಂಡಲ್ ತುದಿಗೆ ಭಾರ, ಕಂಬಿಯ ಬುಡಕ್ಕೆ ರಬ್ಬರು, ಗಾಜಿನ ಹಿಂದೆ ತುಸು ತೂಕ, ಎಂಜಿನ್ನಿನಲ್ಲಿ ಬ್ಯಾಲೆನ್ಸರ್ ಶಾಫ್ಟ್. ರಾಯಲ್ ಎನ್‌ಫೀಲ್ಡ್ 2020ರಲ್ಲಿ ತನ್ನ ಹೊಸ 350 ಎಂಜಿನ್ನಿಗೆ ಆ ಶಾಫ್ಟ್ ಹಾಕಿತು. ನಡುಗದಿದ್ದರೆ ಅದು ಬುಲೆಟ್ಟೇ ಅಲ್ಲ ಎನ್ನುತ್ತಿದ್ದವರೂ ಕೊಂಡರು.

ನಿಮ್ಮ ಆಕ್ಷೇಪಗಳು ಏನೇನು ಬರಬಹುದು ಎಂದು ಗೊತ್ತಿದೆ. ಅಗಲಕ್ಕೆ ಚಾಚಿದ ಕನ್ನಡಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಟೊಗಳಿಗೆ ತಗಲುತ್ತದೆ ಎಂಬುದು ಮೊದಲನೆಯದು. ನಿಮ್ಮದೇ ಅಡ್ವೆಂಚರ್ ಟೂರರ್‌ಗಳ ಹ್ಯಾಂಡಲ್ 85 ಸೆಂ.ಮೀ. ಆಸುಪಾಸು ಅಗಲವಿದೆ, ಅಂದರೆ ಒಂದೊಂದು ಬದಿಗೆ 42. ಕನ್ನಡಿಯ ನಡುಬಿಂದುವನ್ನು 28ರಿಂದ 34ಕ್ಕೆ ತಳ್ಳಿ, ಗಾಜಿನ ಅರ್ಧ ಅಗಲ 6 ಕೂಡಿಸಿದರೂ 40, ಹ್ಯಾಂಡಲ್ಲನ್ನೇ ದಾಟುವುದಿಲ್ಲ. ಹಿಂದಿನ ಪೆಟ್ಟಿಗೆಗಳಂತೂ ಅದಕ್ಕಿಂತ ಅಗಲ. ಅದಕ್ಕೂ ಅಂಜಿಕೆಯಿದ್ದರೆ ಮಡಚುವ ಕೀಲು ಕೊಡಿ. ಹ್ಯಾಂಡಲ್ ಮೇಲೆ ಜಾಗವೇ ಇಲ್ಲವೆಂದರೆ ಬಿಎಂಡಬ್ಲ್ಯು ಆರ್ 1150 ಆರ್‌ಟಿ ನೋಡಿ: ಕನ್ನಡಿಯನ್ನು ಹ್ಯಾಂಡಲ್‌ಗಿಂತ ಕೆಳಗೆ ಫೇರಿಂಗ್‌ಗೆ ಜೋಡಿಸಿದರು, ನೋಟ ತೋಳಿನ ಅಡಿಯಿಂದ ಹಿಂದಕ್ಕೆ ಹೋಗುತ್ತದೆ. ಕಣ್ಣನ್ನು ಹೆಚ್ಚು ಕೆಳಗಿಳಿಸಬೇಕು ಎಂಬ ದೋಷ ಅದಕ್ಕಿದೆ. ಆದರೂ ಯಾರೋ ಒಬ್ಬರು ಸವಾರನ ಜಾಗದಲ್ಲಿ ಕೂತು ಯೋಚಿಸಿದ್ದಾರೆ ಎಂಬುದು ಗೊತ್ತಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ: ಒಳ್ಳೆಯ ಸವಾರ ತಲೆ ತಿರುಗಿಸಿ ನೋಡುತ್ತಾನೆ, ಕನ್ನಡಿಯನ್ನು ನಂಬುವುದಿಲ್ಲ. ಪಥ ಬದಲಿಸುವ ಮುನ್ನ ಭುಜದ ಮೇಲಿಂದ ನೋಡಲೇಬೇಕು, ನಿಜ. ಯಾವ ಕನ್ನಡಿಯಲ್ಲೂ ಕಾಣದ ಮೂಲೆಯೊಂದು ಇದ್ದೇ ಇರುತ್ತದೆ. ಆದರೆ ಆ ನೋಟ ಕೊನೆಯ ಖಾತ್ರಿಗೆ. ಪಥ ಬದಲಿಸುವ ಯೋಚನೆಯೇ ಇಲ್ಲದೆ ತನ್ನ ಪಾಡಿಗೆ ಹೋಗುತ್ತಿರುವವನು ಹಿಂದಿನ ಬಸ್ಸಿನ ಮೇಲೆ ಒಂದು ಕಣ್ಣಿಡುವುದು ಹೇಗೆ? 80ರ ವೇಗದಲ್ಲಿ ಒಂದು ಸೆಕೆಂಡು ತಲೆ ತಿರುಗಿಸಿದರೆ 22 ಮೀಟರ್ ರಸ್ತೆಯನ್ನು ನೋಡದೆ ದಾಟಿದ ಹಾಗೆ. ಹುಬ್ಬಳ್ಳಿಯವರೆಗೂ ಹೀಗೆ ಕತ್ತು ತಿರುಗಿಸುತ್ತ ಹೋಗಬೇಕಾದರೆ ಟೂಲ್ ಕಿಟ್ಟಿನಲ್ಲಿ ಸ್ಪ್ಯಾನರ್ ಜೊತೆಗೆ ಅಮೃತಾಂಜನವನ್ನೂ ಇಟ್ಟುಕೊಡಿ. ಅಷ್ಟೇ ಅಲ್ಲ, ಹೆಲ್ಮೆಟ್ಟು, ಜಾಕೆಟ್ಟಿನ ಕಾಲರು, ಹಿಂದೆ ಕೂತವರ ಹೆಲ್ಮೆಟ್ಟು ಇಷ್ಟರ ನಡುವೆ ಕತ್ತು ನೇರ ಹಿಂದಕ್ಕಂತೂ ತಿರುಗುವುದಿಲ್ಲ. ಇನ್ನು ರೇಡಾರ್ ಬಂದಿದೆಯಲ್ಲ ಎನ್ನುವವರಿಗೆ: 2020ರ ಕೊನೆಯಲ್ಲಿ ಬಂದ ಡುಕಾಟಿ ಮಲ್ಟಿಸ್ಟ್ರಾಡಾ ವಿ4ರಲ್ಲಿ ಹಿಂಬದಿ ರೇಡಾರ್ ಇರುವುದು ಹೌದು, ಕಾಣದ ಮೂಲೆಯಲ್ಲಿ ವಾಹನವಿದ್ದರೆ ದೀಪ ಹತ್ತುವುದೂ ಹೌದು. ಆ ದೀಪ ಹತ್ತುವ ಜಾಗ ಎಲ್ಲಿ ಗೊತ್ತೇ? ಕನ್ನಡಿಯಲ್ಲೇ. ಅಷ್ಟು ಲಕ್ಷ ಕೊಟ್ಟು ರೇಡಾರ್ ಕೊಂಡವರಿಗೂ ಕೊನೆಗೆ ನೋಡಲಿಕ್ಕಿರುವುದು ಅದೇ ಗಾಜು.

ಗ್ರಾಹಕರೇ ಕನ್ನಡಿ ಬಿಚ್ಚಿ ಎಸೆಯುತ್ತಾರೆ, ನಾವೇನು ಮಾಡಲಿ ಎಂಬ ಅಳಲಿನಲ್ಲಿ ಹುರುಳಿದೆ. ಮೊದಲ ತಪ್ಪಿಗೆ 500 ರೂಪಾಯಿವರೆಗಿನ ದಂಡಕ್ಕೂ ಬಗ್ಗದೆ, ಬೈಕಿಗೆ ‘ಲುಕ್’ ಬರಲಿ ಎಂದು ಎರಡೂ ಕನ್ನಡಿ ಬಿಚ್ಚಿಟ್ಟು ತಿರುಗುವ ಶೂರರು ನಮ್ಮ ಪೈಕಿಯವರೇ. ಆದರೆ ಆಟೊ ಎಕ್ಸ್‌ಪೋ ವೇದಿಕೆಯ ಮೇಲೆ ಕನ್ನಡಿಯಿಲ್ಲದ ಪರಿಕಲ್ಪನಾ ಬೈಕನ್ನು ದೀಪ ಬಿಟ್ಟು ನಿಲ್ಲಿಸಿ, ಇದೇ ಸೌಂದರ್ಯ ಎಂದು ಕಲಿಸಿದವರು ಯಾರು? ಮೊಣಕೈ ಮಾತ್ರ ತೋರಿಸುವ ವಸ್ತುವನ್ನು ಬಿಚ್ಚಿದವನು ಕಳೆದುಕೊಂಡದ್ದಾದರೂ ಏನು ಎಂದು ಅವನು ಕೇಳಿದರೆ ಕೊಡಲು ಒಳ್ಳೆಯ ಉತ್ತರವೂ ನಿಮ್ಮಲ್ಲಿಲ್ಲ.

ಹಾಗಾಗಿ ಕೋರಿಕೆ ಒಂದೇ. ಕನ್ನಡಿಯನ್ನು ಖಾಲಿ ಬೈಕಿನ ಮೇಲೆ ಅಳೆಯಬೇಡಿ. ಜಾಕೆಟ್ ತೊಟ್ಟ ಸವಾರರನ್ನು, ಹಿಂದೆ ಇನ್ನೊಬ್ಬರನ್ನು ಕೂರಿಸಿ, ಪೆಟ್ಟಿಗೆ ಕಟ್ಟಿ, 80ರಲ್ಲಿ ಓಡಿಸಿ, ಗಾಜಿನಲ್ಲಿ ನೂರಕ್ಕೆ ಎಷ್ಟು ಪಾಲು ರಸ್ತೆ ಕಾಣುತ್ತದೆ, ಎಷ್ಟು ಪಾಲು ಸವಾರನೇ ಕಾಣುತ್ತಾನೆ ಎಂಬುದನ್ನು ಅಳೆದು ಬ್ರೋಷರ್‌ನಲ್ಲಿ ಮೈಲೇಜ್ ಪಕ್ಕ ಅಚ್ಚು ಹಾಕಿಸಿ. ದುಬಾರಿಯಾಗುತ್ತದೆ ಎಂದು ಮಾತ್ರ ಹೇಳಬೇಡಿ. ನಿಮ್ಮಲ್ಲಿ ಕೆಲವರ ಶೋರೂಮುಗಳಲ್ಲೇ, ಬೈಕು ನಿಂತಲ್ಲಿಂದ ನಾಲ್ಕು ಹೆಜ್ಜೆ ದೂರದ ಗಾಜಿನ ಕಪಾಟಿನಲ್ಲಿ, ‘ಟೂರಿಂಗ್ ಮಿರರ್’ ಎಂಬ ಹೆಸರಿನ ಇನ್ನೊಂದು ಜೊತೆ ಕನ್ನಡಿ ಬೇರೆ ಬೆಲೆಗೆ ಇದೆ. ಟೂರಿಂಗ್ ಬೈಕಿನ ಜೊತೆಗೆ ಬಂದ ಕನ್ನಡಿ ಹಾಗಾದರೆ ಯಾವುದಕ್ಕೆ ಎಂಬುದನ್ನು ದಯವಿಟ್ಟು ಮರುಟಪಾಲಿನಲ್ಲಿ ತಿಳಿಸಿ.

ಇಂತಿ,
ಕಂತು ತಪ್ಪದೆ ಕಟ್ಟುತ್ತಿರುವ ನಿಮ್ಮ ಗ್ರಾಹಕ