ಅಸಲಿನ ರಾಯರು

ಸಾಲ ಮಾಡಿಯೂ ಸುಖವಾಗಿ ನಿದ್ರಿಸುವವರು, ಸಾಲಕ್ಕೆ ಅಂಜಿ ನಿದ್ರೆಗೆಟ್ಟವರು ಎಂದು ಗೃಹಸ್ಥರನ್ನು ಎರಡು ವರ್ಗಗಳಾಗಿ ವಿಂಗಡಿಸುವುದು ಲೋಕರೂಢಿಯಾದರೂ, ಈಚಿನ ವರ್ಷಗಳಲ್ಲಿ ನಮ್ಮ ಊರುಗಳ ಹೊಸ ಬಡಾವಣೆಗಳಲ್ಲಿ, ತಳಪಾಯದಿಂದ ತಾರಸಿಯವರೆಗೆ ಬ್ಯಾಂಕಿನ ಹಣದಿಂದಲೇ ಎದ್ದುನಿಂತ ಬೀದಿಗಳಲ್ಲಿ, ಈ ಎರಡಕ್ಕೂ ಸೇರದ ಮೂರನೆಯ ಬಗೆಯ ಗೃಹಸ್ಥನೊಬ್ಬನು ಕಾಣಿಸಿಕೊಳ್ಳತೊಡಗಿದ್ದಾನೆ. ಸಾಲ ಅವನಿಗೆ ದುಃಖವೂ ಅಲ್ಲ, ಲಜ್ಜೆಯೂ ಅಲ್ಲ; ಅದೊಂದು ಸಾಧನಾಮಾರ್ಗ. ಅವಧಿಗೆ ಮುನ್ನವೇ ಅದನ್ನು ತೀರಿಸಿ ಕ್ರಯಪತ್ರವನ್ನು ಕೈಯಲ್ಲಿ ಹಿಡಿಯುವುದೇ ಮನುಷ್ಯಜನ್ಮದ ಪರಮ ಪುರುಷಾರ್ಥವೆಂದು ನಿಶ್ಚಯಿಸಿ, ಆ ಸಿದ್ಧಿಗಾಗಿ ತನ್ನ ನಾಲಗೆಯ ರುಚಿಯನ್ನೂ ಮಕ್ಕಳ ಬೇಸಗೆಯ ರಜೆಯನ್ನೂ ಹೆಂಡತಿಯ ತಾಳ್ಮೆಯನ್ನೂ ಸಮರ್ಪಿಸಿದ ಈ ಮುಮುಕ್ಷುವಿನ ಲಕ್ಷಣಗಳನ್ನು ಅರಿಯಬಯಸುವವರು ಮೈಸೂರಿನ ವಿಜಯನಗರ ನಾಲ್ಕನೆಯ ಹಂತಕ್ಕೆ ಬಂದು ಅಸಲಿನ ರಾಯರ ಮನೆ ಯಾವುದೆಂದು ಕೇಳಿದರೆ ಸಾಕು, ಹಾಲಿನ ಹುಡುಗನೂ ತೋರಿಸುತ್ತಾನೆ. ತಂದೆತಾಯಿಗಳು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಮಾತು ಮಳೆಯಿಂದ ಆರಂಭವಾಗಲಿ, ಮದುವೆಯಿಂದ ಆರಂಭವಾಗಲಿ, ಮೂರನೆಯ ವಾಕ್ಯಕ್ಕೆ ಅದನ್ನು ಸಾಲದ ಅಸಲಿಗೆ ತಂದು ಮುಟ್ಟಿಸುವ ಅವರ ಕೌಶಲದಿಂದಾಗಿ ಆ ಹೆಸರು ಈಗ ವಿದ್ಯುತ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ರಾಯರು ಹುಟ್ಟಿನಿಂದ ಹೀಗಿದ್ದವರಲ್ಲ. 2021ರ ಫೆಬ್ರವರಿಯಲ್ಲಿ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ, ಅವರು ಮೂವತ್ತು ಲಕ್ಷ ರೂಪಾಯಿಗಳ ಗೃಹಸಾಲವನ್ನು ಇಪ್ಪತ್ತು ವರ್ಷಗಳ ಅವಧಿಗೆ ಪಡೆದಾಗ, ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ಕ್ಕೆ ಇಳಿದು ಅಲ್ಲಿಯೇ ವಿಶ್ರಮಿಸುತ್ತಿತ್ತು; ಅದರ ಮೇಲೆ ತನ್ನ ಪಾಲಿನ 2.80 ಸೇರಿಸಿಕೊಂಡು ಬ್ಯಾಂಕು ಶೇ. 6.80ರಂತೆ ಸಾಲ ಕೊಟ್ಟಿತು. ತಿಂಗಳಿಗೆ 22,900 ರೂಪಾಯಿಗಳ ಕಂತು. 2041ರ ಫೆಬ್ರವರಿಗೆ ಕೊನೆಯ ಕಂತು. ಅದೇ ತಿಂಗಳಿಗೆ ಸರ್ಕಾರಿ ಸೇವೆಯಿಂದ ನಿವೃತ್ತಿ. ಸೇವೆಯೂ ಸಾಲವೂ ಒಂದೇ ದಿನ ತೀರುವ ಈ ಯೋಗವನ್ನು ಯಾವ ಜ್ಯೋತಿಷಿಯೂ ಕೂಡಿಸಿಕೊಡಲಾರನೆಂದು ಸಂತೃಪ್ತರಾಗಿ, ರಾಯರು ಮೊದಲ ವರ್ಷವನ್ನು ಸಾಧಾರಣ ಮನುಷ್ಯರಂತೆಯೇ ಕಳೆದರು. ಆಮೇಲೆ, 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯ ಒಳಗಾಗಿ ರೆಪೊ ದರ ಆರು ಸಲ ಏರಿ 6.50ನ್ನು ಮುಟ್ಟಿತು, ರಾಯರ ಬಡ್ಡಿ 9.30 ಆಯಿತು. ಒಂದು ಭಾನುವಾರ ಮಧ್ಯಾಹ್ನ, ಊಟದ ಮೇಲೆ, ಸಾಲದ ತಖ್ತೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದ ಅವರಿಗೆ, ಹಳೆಯ ಕಂತನ್ನೇ ಕಟ್ಟುತ್ತ ಹೋದರೆ ಅದರಲ್ಲಿ ಅಸಲಿಗೆ ಸಲ್ಲುವುದು ಸಾವಿರ ರೂಪಾಯಿಯೂ ಅಲ್ಲವೆಂದೂ, ಉಳಿದಿದ್ದ ಹದಿನೆಂಟು ವರ್ಷಗಳ ಅವಧಿ ಇಮ್ಮಡಿಯನ್ನೂ ಮೀರಿ, ತಮಗೆ ಎಪ್ಪತ್ತೆಂಟು ದಾಟಿದರೂ ಸಾಲ ದಾಟುವುದಿಲ್ಲವೆಂದೂ ಗೋಚರವಾಯಿತು. ಮರುವಾರವೇ ಬ್ಯಾಂಕಿನವರು ಕಂತನ್ನು 27,000ಕ್ಕೆ ಮಿಗಿಲಾಗಿ ಏರಿಸಿ ಅವಧಿಯನ್ನು ಮತ್ತೆ 2041ಕ್ಕೆ ತಂದು ನಿಲ್ಲಿಸಿದರೇನೋ ನಿಜ. ಆದರೆ ಆ ಭಾನುವಾರ ಊಟ ಮಾಡಿ ಕುಳಿತ ರಾಯರು ಬೇರೆ, ಕಾಫಿಗೆ ಎದ್ದ ರಾಯರು ಬೇರೆ.

ಅಂದಿನಿಂದ ಅವರ ಮಲಗುವ ಕೋಣೆಯ ಬೀರುವಿನ ಬಾಗಿಲ ಒಳಮೈಯಲ್ಲಿ, ಹಿಂದೆ ತಿಮ್ಮಪ್ಪನ ಕ್ಯಾಲೆಂಡರು ತೂಗುತ್ತಿದ್ದ ಸ್ಥಳದಲ್ಲಿ, ಇನ್ನೂರ ನಲವತ್ತು ಚೌಕಗಳ ಹಾಳೆಯೊಂದು ಅಂಟಿಕೊಂಡಿದೆ. ತಿಂಗಳ ಕಂತು ಸಂದಾಗ ಮೇಲಿನಿಂದ ಒಂದು ಚೌಕಕ್ಕೆ ನೀಲಿ ಗೀಟು. ಅವಧಿಗೆ ಮೊದಲೇ ಅಸಲಿಗೆ ಹಣ ಕಟ್ಟಿದಾಗ, ಕರಗಿದ ಕಂತುಗಳ ಲೆಕ್ಕಕ್ಕೆ ಕೆಳಗಿನಿಂದ ಕೆಂಪು ಗೀಟು. ನೀಲಿ ಇಳಿಯಬೇಕು, ಕೆಂಪು ಏರಬೇಕು, ಎರಡೂ ಸಂಧಿಸಿದ ದಿನವೇ ಮೋಕ್ಷ. ನೀಲಿ ಗೀಟು ಎಳೆಯುವ ಅಧಿಕಾರವನ್ನು ಮಗಳಿಗೆ ಬಿಟ್ಟುಕೊಟ್ಟಿದ್ದಾರೆ; ಕೆಂಪು ಪೆನ್ಸಿಲು ಮಾತ್ರ ಬೀಗದಕೈ ಗೊಂಚಲಿನೊಡನೆ ಅವರ ಬಳಿಯೇ ಇರುತ್ತದೆ. ಮನೆಗೆ ಬಂದ ನೆಂಟರಿಗೆ ಮದುವೆಯ ಆಲ್ಬಮ್ಮು ತೋರಿಸುವ ಪದ್ಧತಿ ಅಲ್ಲಿ ನಿಂತುಹೋಗಿ ಎಷ್ಟೋ ಕಾಲವಾಯಿತು; ಕಾಫಿಯ ಲೋಟ ಕೆಳಗಿಟ್ಟೊಡನೆ ಬೀರುವಿನ ಬಾಗಿಲು ತೆರೆಯುತ್ತದೆ. "ನೋಡಿ, 2040ನೇ ಇಸವಿ ಆಗಲೇ ಮುಗಿದುಹೋಯಿತು" ಎಂದು ರಾಯರು ಕೆಂಪು ಸಾಲನ್ನು ಬೆರಳಿನಿಂದ ತೋರಿಸುವಾಗ, ಇನ್ನೂ ಬಾರದ ಆ ವರ್ಷದ ಬಗ್ಗೆ ಅಭಿನಂದಿಸಬೇಕೊ ಸಂತಾಪ ಸೂಚಿಸಬೇಕೊ ತಿಳಿಯದೆ ನೆಂಟರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.

ರಾಯರ ಗಣಿತದಲ್ಲಿ ದೋಷವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಶೇ. 9.30ರ ಬಡ್ಡಿಯಲ್ಲಿ ಒಂದು ರೂಪಾಯಿ ಹದಿನೆಂಟು ವರ್ಷಗಳಿಗೆ ಐದು ರೂಪಾಯಿ ಮೂವತ್ತು ಪೈಸೆಯಾಗುತ್ತದೆ. ಅಂದು ಒಂದು ಲಕ್ಷವನ್ನು ಅಸಲಿಗೆ ಕಟ್ಟಿದ್ದರೆ ಕೊನೆಯ ಹದಿನೆಂಟು ಕಂತುಗಳು, ಎಂದರೆ ಸುಮಾರು ನಾಲ್ಕು ಲಕ್ಷ ತೊಂಬತ್ತು ಸಾವಿರ ರೂಪಾಯಿ, ಹೇಳಹೆಸರಿಲ್ಲದೆ ಮಾಯವಾಗುತ್ತಿದ್ದವು. ಆದರೆ ಇಂತಹ ಸತ್ಯವನ್ನು ಕಂಡುಕೊಂಡವರು ಅದನ್ನು ಬ್ಯಾಂಕಿನಲ್ಲಿಯೇ ಬಿಟ್ಟು ಬರಬೇಕಲ್ಲದೆ ಹೋಟೆಲಿಗೆ ಕೊಂಡೊಯ್ಯಬಾರದು. ರಾಯರು ಕೊಂಡೊಯ್ದರು. ಮಗಳ ಹುಟ್ಟುಹಬ್ಬಕ್ಕೆಂದು ಸಂಸಾರಸಮೇತರಾಗಿ ಹೋಗಿ ಕುಳಿತು, ದರಪಟ್ಟಿಯಲ್ಲಿ ಎಂಬತ್ತು ರೂಪಾಯಿ ಎಂದಿದ್ದ ಮಸಾಲೆದೋಸೆಯ ಮೇಲೆ ಬೆರಳಿಟ್ಟು, "ಇದು ಎಂಬತ್ತಲ್ಲ, ನಾನೂರ ಇಪ್ಪತ್ತನಾಲ್ಕು" ಎಂದರು. ಮಾಣಿ ಗಾಬರಿಗೊಂಡು, "ಇಲ್ಲ ಸಾರ್, ಎಂಬತ್ತೇ" ಎಂದ. "ನಿನಗೆ ಎಂಬತ್ತು ಕಣಯ್ಯ, ನನಗೆ 2041ರಲ್ಲಿ ನಾನೂರ ಇಪ್ಪತ್ತನಾಲ್ಕು" ಎಂದು ರಾಯರು ವಿವರಿಸಿದರು. ಆ ದಿನ ನಾಲ್ವರ ನಡುವೆ ಎರಡು ದೋಸೆ ಬಂದವು. ಹಣ ಕೇಳದ ಚಟ್ನಿ ಮಾತ್ರ ನಾಲ್ಕು ಸಲ ಬಂದಿತು. ಮನೆಯಲ್ಲಿಯೂ ಇದೇ ಗುಣಾಕಾರ. ಸಿನಿಮಾ, ಹೊಸ ಚಪ್ಪಲಿ, ದಸರೆಯ ವಸ್ತುಪ್ರದರ್ಶನದ ಮೆಣಸಿನಕಾಯಿ ಬಜ್ಜಿ, ಎಲ್ಲವೂ ಐದು ಪಟ್ಟು ಮೂವತ್ತು ಪೈಸೆಯ ಭಾರದಿಂದ ಬಾಗಿ ಬರುತ್ತವೆ. ಗೃಹಜ್ಯೋತಿಯ ಮಿತಿಯನ್ನು ಒಂದು ಯೂನಿಟ್ಟೂ ಮೀರಬಾರದೆಂದು ತಿಂಗಳ ಕೊನೆಯ ವಾರದಲ್ಲಿ ಅವರು ಟಾರ್ಚು ಹಿಡಿದು ಮೀಟರಿನ ಮುಂದೆ ನಿಂತಿರುವುದನ್ನು ಬೀದಿಯೇ ಕಂಡಿದೆ. ಆ ವಾರ ಆ ಮನೆಯಲ್ಲಿ ಚಟ್ನಿಯನ್ನು ಒರಳಿನಲ್ಲಿ ರುಬ್ಬುತ್ತಾರೆ.

ಹೀಗೆ ಹನಿಹನಿಯಾಗಿ ಕೂಡಿದ ಹಣ ಹತ್ತು ಸಾವಿರ ತಲುಪಿದೊಡನೆ ರಾಯರು ಶಾಖೆಗೆ ಹೊರಡುತ್ತಾರೆ. ಮನೆಯಲ್ಲಿ ಕುಳಿತೇ ಮೊಬೈಲಿನಿಂದ ಕಟ್ಟಬಹುದೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದರೆ ಚಲನ್ನಿನ ಮೇಲೆ ಮೊಹರು ಬೀಳುವ ಸದ್ದನ್ನು ಕಿವಿಯಾರೆ ಕೇಳದ ಹೊರತು ಅಸಲು ಕರಗಿತೆಂಬ ನಂಬಿಕೆ ಅವರಿಗೆ ಹುಟ್ಟುವುದಿಲ್ಲ. ಬಡ್ಡಿಯನ್ನು ದಿನದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರಾದ್ದರಿಂದ, ಎರಡನೆಯ ಶನಿವಾರಕ್ಕೆ ಮುಂಚಿನ ಶುಕ್ರವಾರವೇ ಹಣ ಸೇರಬೇಕು. ಸೋಮವಾರಕ್ಕೆ ಬಿಟ್ಟರೆ ಹತ್ತು ಸಾವಿರದ ಮೇಲೆ ಮೂರು ದಿನಗಳ ಬಡ್ಡಿ, ಏಳು ರೂಪಾಯಿ ಅರವತ್ತನಾಲ್ಕು ಪೈಸೆ, ವೃಥಾ ನಷ್ಟ. ಒಂದು ಶುಕ್ರವಾರ ಮಳೆ ಹಿಡಿದುಕೊಂಡಿತೆಂದು ಈ ನಷ್ಟವನ್ನು ತಪ್ಪಿಸಲು ಅರವತ್ತು ರೂಪಾಯಿ ತೆತ್ತು ಆಟೋದಲ್ಲಿ ಹೋಗಿಬಂದರು. ಆ ಅರವತ್ತನ್ನು ಐದೂ ಮೂವತ್ತರಿಂದ ಗುಣಿಸಿ ನೋಡಿದರೆ ಏನಾಗುತ್ತದೆಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇಲ್ಲ. ಶಾಖೆಯ ಗುಮಾಸ್ತೆಗೆ ಅವರ ಮಾತು ಕಂಠಪಾಠವಾಗಿದೆ: "ಮುಂಗಡ ಕಂತು ಅಂತ ಜಮಾ ಮಾಡಬೇಡಿ, ಅಸಲಿಗೇ ಹಾಕಿ, ಕಂತು ಇಳಿಸಬೇಡಿ, ಅವಧಿ ಇಳಿಸಿ." ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲು ತೀರಿಸುವವರಿಗೆ ದಂಡ ಹಾಕಕೂಡದೆಂದು 2012ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರತಿಯೊಂದು ಅವರ ಕೈಚೀಲದಲ್ಲಿ ಸದಾ ಇರುತ್ತದೆ. ದಂಡವನ್ನು ಯಾರೂ ಕೇಳಿದ್ದಿಲ್ಲ. ಕೇಳಲಿಲ್ಲವಲ್ಲ ಎಂಬ ಸಣ್ಣ ವ್ಯಥೆ ರಾಯರಿಗೆ ಇರುವಂತೆ ತೋರುತ್ತದೆ.

ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಎದುರುಮನೆಯ ಯುವಕನೊಬ್ಬನು ಸಾಲವನ್ನು ಅದರ ಪಾಡಿಗೆ ಬಿಟ್ಟು ಆ ಹಣವನ್ನು ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹಾಕಿರೆಂದೂ, ಕಚೇರಿಯ ಸಹೋದ್ಯೋಗಿಯೊಬ್ಬರು ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಯ ಮೇಲೆ ಎರಡು ಲಕ್ಷದವರೆಗೆ ವಿನಾಯಿತಿ ಇರುವಾಗ ಸಾಲವನ್ನು ಉಳಿಸಿಕೊಳ್ಳುವುದೇ ಜಾಣತನವೆಂದೂ ಹೇಳಿ ನೋಡಿದರು. ಮೊದಲನೆಯವನಿಗೆ, "ನಿನ್ನ ಫಂಡು ಕೊಟ್ಟೀತು, ನನ್ನ ಬ್ಯಾಂಕು ತಪ್ಪದೆ ತೆಗೆದುಕೊಳ್ಳುತ್ತದೆ, 'ಕೊಟ್ಟೀತು' ನಂಬಿಕೊಂಡು ನಿದ್ದೆ ಬರುತ್ತದೇನಯ್ಯ?" ಎಂದೂ, ಎರಡನೆಯವರಿಗೆ, "ಮೂವತ್ತು ರೂಪಾಯಿ ತೆರಿಗೆ ಉಳಿಸಲು ನೂರು ರೂಪಾಯಿ ಬಡ್ಡಿ ಕಟ್ಟೋಣವೇ?" ಎಂದೂ ರಾಯರು ಉತ್ತರಿಸಿದರು. ಎರಡು ಉತ್ತರಗಳೂ ತಕ್ಕಮಟ್ಟಿಗೆ ಸರಿಯಾಗಿಯೇ ಇದ್ದುದರಿಂದ ಅವರನ್ನು ತಿದ್ದುವ ಭಾರ ಕೊನೆಗೆ ಅವರ ಮನೆಯವರ ಮೇಲೆಯೇ ಬಿತ್ತು.

ಅಸಲಿನ ಚಿಂತೆ ರಾಯರದಾದರೆ ಅಕ್ಕಿಯ ಚಿಂತೆ ಅವರ ಶ್ರೀಮತಿಯವರದು. ದಿನಸಿ, ಹಾಲು, ಹೂವು, ಗ್ಯಾಸು, ಕೆಲಸದಾಕೆಯ ಸಂಬಳ, ನಾಮಕರಣ ಗೃಹಪ್ರವೇಶಗಳ ಮುಯ್ಯಿ, ಇವೆಲ್ಲವನ್ನೂ ರಾಯರು ಕೊಡುವ, ವರ್ಷದಿಂದ ವರ್ಷಕ್ಕೆ ಏರದ ಒಂದು ಮೊತ್ತದಲ್ಲಿ ತೂಗಿಸುವ ಆಕೆ, ಬಿಡುವಿನಲ್ಲಿ ನೆರೆಹೊರೆಯವರ ರೇಷ್ಮೆ ಸೀರೆಗಳಿಗೆ ಕುಚ್ಚು ಹಾಕುತ್ತಾರೆ; ಆ ಹಣ ಎಲ್ಲಿಗೆ ಹೋಗುತ್ತದೆಂದು ರಾಯರು ಕೇಳಿದಾಗಲೆಲ್ಲ, "ದಾರದ ಖರ್ಚಿಗೇ ಸರಿಹೋಗುತ್ತೆ ರೀ" ಎಂದಿದ್ದಾರೆ. 2023ರ ಮೇ ತಿಂಗಳಿನಲ್ಲಿ ರಾಯರು ಉಳಿತಾಯ ಖಾತೆಯನ್ನು ಬುಡದವರೆಗೆ ಬಳಿದು ಐವತ್ತು ಸಾವಿರವನ್ನು ಅಸಲಿಗೆ ಕಟ್ಟಿ, ಎಂಟು ಹತ್ತು ಚೌಕಗಳಿಗೆ ಒಂದೇ ಸಲ ಕೆಂಪು ಗೀಟೆಳೆದ ಆನಂದದಲ್ಲಿದ್ದಾಗ, ಜೂನ್ ಬಂದಿತು; ಜೂನಿನೊಡನೆ ಮಕ್ಕಳಿಬ್ಬರ ಶಾಲೆಯ ಶುಲ್ಕ ಬಂದಿತು, ನಲವತ್ತೆಂಟು ಸಾವಿರ. ಅಸಲಿಗೆ ಹೋದ ಹಣ ತಿರುಗಿ ಬರುವಂತಹುದಲ್ಲ. ರಾಯರು ಯಾರಿಗೂ ಹೇಳದೆ ಕ್ರೆಡಿಟ್ ಕಾರ್ಡನ್ನು ಉಜ್ಜಿ ಬಂದರು. ತಿಂಗಳ ಕೊನೆಯಲ್ಲಿ ಬಿಲ್ಲು ಬಂದಾಗ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಕೈತೊಳೆದುಕೊಂಡರು.

ಆ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5, ವರ್ಷಕ್ಕೆ 42. ಐವತ್ತು ಸಾವಿರವನ್ನು ಅವಧಿಗೆ ಮೊದಲು ಕಟ್ಟಿದ್ದರಿಂದ ಆ ತಿಂಗಳು ಉಳಿದ ಬಡ್ಡಿ 387 ರೂಪಾಯಿ. ನಲವತ್ತೆಂಟು ಸಾವಿರವನ್ನು ಕಾರ್ಡಿನಲ್ಲಿ ಉಳಿಸಿಕೊಂಡದ್ದಕ್ಕೆ ಬೀಳುವ ಬಡ್ಡಿ 1,680 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು ಕೂಡಿಸಿ ಕಳೆದವರು ರಾಯರಲ್ಲ, ಅಂಗಿಯ ಜೇಬಿನಲ್ಲಿದ್ದ ಬಿಲ್ಲನ್ನು ಒಗೆಯುವ ಮುನ್ನ ಕಂಡ ಅವರ ಶ್ರೀಮತಿ. ಆಕೆ ಜಗಳವಾಡಲಿಲ್ಲ. ರಾತ್ರಿ ಊಟವಾದ ಮೇಲೆ, ಬೀರುವಿನ ಬಾಗಿಲು ತೆರೆದು, ಕೆಂಪು ಗೀಟುಗಳ ಪಕ್ಕದಲ್ಲಿ ಬಿಲ್ಲನ್ನು ಒಂದು ಗುಂಡುಸೂಜಿಯಿಂದ ಚುಚ್ಚಿ ಹೋದರು. ರಾಯರು ಅದನ್ನು ಬಹಳ ಹೊತ್ತು ನೋಡಿದರು.

ಮರುದಿನ ಬೆಳಗ್ಗೆ ಆ ಮನೆಯಲ್ಲಿ ಎರಡನೆಯ ಬ್ಯಾಂಕೊಂದು ಉದ್ಘಾಟನೆಯಾಯಿತು. ದಾರದ ಖರ್ಚಿಗೇ ಸರಿಹೋಗುತ್ತಿದ್ದ ಕುಚ್ಚಿನ ಹಣ ಎಂಟು ವರ್ಷಗಳಿಂದ, ಬೀದಿಯ ಹೆಂಗಸರ ಚೀಟಿಯ ಮೂಲಕ ಹಾದು, ಅಂಚೆ ಕಚೇರಿಯ ಖಾತೆಯೊಂದರಲ್ಲಿ ಸೇರುತ್ತ ಆರು ತಿಂಗಳ ಮನೆಖರ್ಚಿಗೆ ಸಾಕಾಗುವಷ್ಟು ಬೆಳೆದಿತ್ತು. ಅದರಿಂದ ನಲವತ್ತೆಂಟು ಸಾವಿರವನ್ನು ಕಾರ್ಡಿಗೆ ಕಟ್ಟಲು ಕೊಡಬಹುದೆಂದು ಆಕೆ ತಿಳಿಸಿದರು. ಬಡ್ಡಿ ರೆಪೊ ದರದ ಮೇಲೆ 2.80, ನಿಮ್ಮ ಬ್ಯಾಂಕಿನದೇ ದರ. ಅವಧಿಗೆ ಮೊದಲು ತೀರಿಸಿದರೆ ದಂಡವಿಲ್ಲ. ಅಡಮಾನವಾಗಿ ಕ್ರೆಡಿಟ್ ಕಾರ್ಡನ್ನು ಒಪ್ಪಿಸಬೇಕು. ಕಾರ್ಡು ಅಂದೇ ಸಾಸಿವೆ ಡಬ್ಬಿಯೊಳಗೆ ಹೋಯಿತು. ಸಾಲಪತ್ರವನ್ನು ಮಗಳು ತನ್ನ ಹಳೆಯ ನೋಟುಪುಸ್ತಕದ ಹಾಳೆಯಲ್ಲಿ ಬರೆದಳು. ರಾಯರು ನಿಬಂಧನೆಗಳನ್ನು ಎರಡು ಸಲ ಓದಿ, ತಾವು ಇದುವರೆಗೆ ಕಂಡ ಸಾಲಪತ್ರಗಳಲ್ಲೆಲ್ಲ ಇದೇ ನ್ಯಾಯವಾದದ್ದೆಂದು ಒಪ್ಪಿ ರುಜು ಹಾಕಿದರು.

2025ರ ಫೆಬ್ರವರಿಯಿಂದ ಜೂನಿನ ಒಳಗೆ ರೆಪೊ ದರ ಮೂರು ಸಲವಾಗಿ ಪೂರ್ತಿ ಒಂದು ಅಂಶ ಇಳಿದು 5.50ಕ್ಕೆ ಬಂದಾಗ ಊರಿನ ಸಾಲಗಾರರೆಲ್ಲ ಹಿಗ್ಗಿದರು. ರಾಯರು ಮಾತ್ರ ಮ್ಲಾನವದನರಾದರು. ದರವೂ ಇಳಿದು ಅವಧಿಯೂ ಕರಗಿದ್ದರಿಂದ, ಐದು ಪಟ್ಟನ್ನು ಮೀರಿದ್ದ ಅವರ ಗುಣಾಕಾರ ಮೂರೂವರೆ ಪಟ್ಟಿನ ಆಸುಪಾಸಿಗೆ ಕುಸಿದಿತ್ತು. ಮುಂಗಡವಾಗಿ ಕಟ್ಟಿದ ರೂಪಾಯಿಗೆ ಹಿಂದಿನ ಬೆಲೆ ಇರಲಿಲ್ಲ. ಇದನ್ನು ಮೊದಲು ಗ್ರಹಿಸಿದವಳು ಮಗಳು. "ಅಪ್ಪ, ಹಾಗಾದ್ರೆ ದೋಸೆ ಈಗ ಇನ್ನೂರ ಎಂಬತ್ತಷ್ಟೇ ಅಲ್ವಾ?" ಎಂದು ಅವಳು ಕೇಳಿದ ಪ್ರಶ್ನೆಗೆ ತಮ್ಮ ಶಾಸ್ತ್ರದಲ್ಲಿ ಉತ್ತರ ಕಾಣದೆ ರಾಯರು ಆ ಭಾನುವಾರ ನಾಲ್ಕು ದೋಸೆ ಕೊಡಿಸಬೇಕಾಯಿತು.

ಮನೆಯ ಬ್ಯಾಂಕಿನ ಸಾಲವನ್ನಂತೂ ಅವರು ಅವಧಿಗೆ ಬಹು ಮುಂಚಿತವಾಗಿಯೇ ತೀರಿಸಿದರು. ದರ ಎರಡೂ ಕಡೆ ಸಮವಾಗಿದ್ದುದರಿಂದ ಯಾವುದನ್ನು ಮೊದಲು ತೀರಿಸಿದರೂ ಒಂದೇ ಎಂದು ಗಣಿತ ಹೇಳುತ್ತಿತ್ತು. ಎರಡನೆಯ ಸಾಲದಾತೆ ದಿನಕ್ಕೆರಡು ಹೊತ್ತು ಅನ್ನ ಬಡಿಸುವಾಗ ಎದುರಿಗೆ ನಿಲ್ಲುತ್ತಾಳೆಂಬುದು ಗಣಿತದೊಳಗೆ ಬರುವ ವಿಷಯವಲ್ಲ. ಕೊನೆಯ ಕಂತನ್ನು ಎಣಿಸಿ ಕೊಟ್ಟ ಮೇಲೆ ರಾಯರು ಅಡಮಾನದ ಕಾರ್ಡನ್ನು ಕೇಳಿದರು. ನಾಳೆ ಎಂದಾಯಿತು, ಹಬ್ಬ ಕಳೆಯಲಿ ಎಂದಾಯಿತು. ಆಗ ರಾಯರು ಕನ್ನಡಕ ಏರಿಸಿಕೊಂಡು, ಸಾಲ ತೀರಿದ ಮೂವತ್ತು ದಿನಗಳೊಳಗೆ ಆಸ್ತಿಯ ಮೂಲಪತ್ರಗಳನ್ನು ಹಿಂದಿರುಗಿಸಲೇಬೇಕೆಂದೂ, ತಡವಾದರೆ ದಿನಕ್ಕೆ ಐದು ಸಾವಿರ ರೂಪಾಯಿ ಪರಿಹಾರ ತೆರಬೇಕೆಂದೂ ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ವಿಧಿಸಿದೆಯೆಂಬುದನ್ನು ಸಾವಧಾನವಾಗಿ ತಿಳಿಸಿದರು.

ಶ್ರೀಮತಿಯವರು ಒಗ್ಗರಣೆಗೆ ಸಾಸಿವೆ ತೆಗೆದುಕೊಂಡು, ಡಬ್ಬಿಯ ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕಿದರು. "ನಿಮ್ಮ ಹತ್ತಿರ ಇರೋದು ಬರೀ ಸುತ್ತೋಲೆ ರೀ, ರಿಸರ್ವು ಇರೋದು ನನ್ನ ಹತ್ತಿರ."