ಮುಚ್ಚಿಡಲು ನನ್ನಲ್ಲೇನಿದೆ ಸ್ವಾಮಿ?

"ಮುಚ್ಚಿಡುವಂಥದ್ದು ನನ್ನಲ್ಲೇನಿದೆ ಸ್ವಾಮಿ?" ಎನ್ನುವ ಮಹನೀಯರಿಗೆ ನನ್ನ ಮರುಪ್ರಶ್ನೆ: "ಹಾಗಾದರೆ ಬಚ್ಚಲಿಗೆ ಚಿಲಕವೇಕೆ ಹಾಕಿಸಿದಿರಿ?" "ಅದು ಬೇರೆ, ಇದು ಬೇರೆ. ಬಡಪಾಯಿಯೊಬ್ಬ ಎಷ್ಟು ಹೆಜ್ಜೆ ನಡೆದ ಅಂತ ಅವನ ಫೋನಿನಿಂದ ತಿಳಿದು ಯಾರಿಗೇನು ಲಾಭ?" ಒಬ್ಬನ ಹೆಜ್ಜೆಯಿಂದ ಏನೂ ಇಲ್ಲ, ಒಪ್ಪಿದೆ. ಆದರೆ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ 2017ರಲ್ಲಿ ಬಳಕೆದಾರರ ಓಟಗಳನ್ನು, ಯಾರ ಹೆಸರೂ ಇಲ್ಲದೆ, ಓಡಿದ ದಾರಿಗಳು ಹೊಳೆಯುವ ಜಗತ್ತಿನ ನಕ್ಷೆಯಾಗಿ ಪ್ರಕಟಿಸಿತು. ಮರುವರ್ಷ ಜನವರಿಯಲ್ಲಿ ಜನ ಕಣ್ಣರಳಿಸಿ ನೋಡಿದರೆ, ಅಫ್ಘಾನಿಸ್ತಾನ, ಸಿರಿಯಾಗಳ ಕತ್ತಲಲ್ಲಿ ಅಮೆರಿಕದ ಸೇನಾ ನೆಲೆಗಳು ಹೊಳೆಯುತ್ತಿದ್ದವು! ಗೂಢಚಾರರ ಸಂಬಳ ಉಳಿಯಿತು. ಸೈನಿಕರ ಬೊಜ್ಜು ಕರಗಿಸುವ ಆಸೆಯೇ ಸಾಕಾಯಿತು.

"ನಮ್ಮ ಮಾಹಿತಿಯನ್ನು ಒಪ್ಪಿಗೆ ಕೇಳಿಯೇ ತಗೋತಾರಲ್ಲ?" ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಿಡಿದ ಟಾರ್ಚ್ ಆ್ಯಪ್ ಒಂದು, ಬಳಕೆದಾರ ಷರತ್ತು ಒಪ್ಪುವ ಮೊದಲೇ ಅವನಿರುವ ಜಾಗವನ್ನು ಹೊರಗಿನವರಿಗೆ ರವಾನಿಸುತ್ತಿತ್ತು. ದೀಪ ಹಚ್ಚಲು ವಿಳಾಸ ಯಾಕೆ ಬೇಕೋ! "ಕಾನೂನು ಇದೆಯಲ್ಲ?" ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಅಷ್ಟು ಜನ ಕೂತು ಉಳಿಸಿದ ಹಕ್ಕನ್ನು ನಾವು ಹತ್ತು ರೂಪಾಯಿ ಕ್ಯಾಶ್‌ಬ್ಯಾಕಿಗೆ ಒಂದೇ ಬೆರಳಲ್ಲಿ ಬಿಟ್ಟುಕೊಡುತ್ತೇವೆ. ನಾಳೆ ನಿದ್ದೆ ಅಳೆಯುವ ಉಂಗುರ, ಮಾತು ಕೇಳಿಸಿಕೊಳ್ಳುವ ಕನ್ನಡಕ ಕೊಳ್ಳುವವರು ಬೆಲೆಗಿಂತ ಮೊದಲು ಒಂದು ಮಾತು ವಿಚಾರಿಸಿ: ದಾಖಲೆ ಎಲ್ಲಿಗೆ ಹೋಗುತ್ತದೆ, ಅಳಿಸಬಹುದೇ? ಅಂಗಡಿಯವನು ತಲೆ ಕೆರೆದುಕೊಂಡರೆ, ಹಳೆಯ ಕನ್ನಡಕವೇ ಇರಲಿ.