ಹತ್ತಡಿ ಕೋಣೆ, ಸಾವಿರ ವ್ಯಾಟ್

ಕೆಜಿಎಫ್‌ನಲ್ಲಿ ಚಿನ್ನ ತೆಗೆಯುವುದು 2001ರ ಫೆಬ್ರವರಿ 28ಕ್ಕೆ ನಿಂತಿತು. ತೂಗಿ ನೋಡುವ ಚಟ ನಿಲ್ಲಲಿಲ್ಲ. ಈಗಿನ ತೂಕ ವ್ಯಾಟಿನಲ್ಲಿ. ಯಾರದೋ ಮನೆಗೆ ಹೊಸ ಆಂಪ್ಲಿಫೈಯರ್ ಬಂತೆಂದರೆ ರಾಬರ್ಟ್‌ಸನ್‌ಪೇಟೆಯಿಂದ ಆಂಡರ್ಸನ್‌ಪೇಟೆಯವರೆಗೆ ಪ್ರಶ್ನೆ ಒಂದೇ: "ಎಷ್ಟು ವ್ಯಾಟು?" ಸ್ಪೀಕರ್ ಯಾವುದು, ಕೋಣೆ ಎಷ್ಟಗಲ, ಕೇಳುವುದು ಇಳಯರಾಜಾನೋ ಸುಪ್ರಭಾತವೋ ಎಂದು ವಿಚಾರಿಸಿದವನಿಗೆ ಕೊಳ್ಳುವ ಯೋಗ್ಯತೆ ಇಲ್ಲ, ಸುಮ್ಮನೆ ಹೊತ್ತು ಕಳೆಯಲು ಬಂದಿದ್ದಾನೆ ಎಂದೇ ಅರ್ಥ.

ಪೆಟ್ಟಿಗೆಯ ಮೇಲೆ "1000 ವ್ಯಾಟ್" ಎಂದು ದಪ್ಪಕ್ಷರ. ಪಕ್ಕದಲ್ಲಿ, ಸೊಳ್ಳೆ ಕಾಲಿನಷ್ಟು ಸಣ್ಣದಾಗಿ, "ಪಿಎಂಪಿಒ". ಈ ನಾಲ್ಕಕ್ಷರಕ್ಕೆ ಎಲ್ಲರೂ ಒಪ್ಪಿದ ಅಳತೆ ಎಂಬುದೇ ಇಲ್ಲ. ಯಾರಿಗೆ ಎಷ್ಟು ಹಿತವೋ ಅಷ್ಟು ಬರೆದುಕೊಳ್ಳಬಹುದು. ಎಡೆಬಿಡದೆ ಕೊಡಬಲ್ಲ ಅಸಲಿ ಶಕ್ತಿಗೆ ಆರ್‌ಎಂಎಸ್ ಎನ್ನುತ್ತಾರೆ. ಅದನ್ನು ಹುಡುಕಿದರೆ ಹತ್ತೋ ಹದಿನೈದೋ ಸಿಕ್ಕೀತು. ಕೊನೆಗಾಲದಲ್ಲಿ ಟನ್ ಅದಿರು ಒಡೆದು ಅರೆದರೆ ಮೂರೋ ನಾಲ್ಕೋ ಗ್ರಾಂ ಚಿನ್ನ ಕಂಡ ಊರು ಇದು. ಕಲ್ಲಿನ ತೂಕವನ್ನೇ ಚಿನ್ನದ ತೂಕವೆಂದು ಯಾರಾದರೂ ಹೇಳಿದ್ದರೆ ಇಲ್ಲಿನ ಅಜ್ಜಂದಿರು ಅವನನ್ನು ಶಾಫ್ಟಿನೊಳಗೆ ಇಳಿಸಿ ಹಗ್ಗ ಬಿಡುತ್ತಿದ್ದರು. ಮೊಮ್ಮಕ್ಕಳು ಇಎಂಐ ಕಟ್ಟುತ್ತಿದ್ದಾರೆ.

ಅದೇ ಪೆಟ್ಟಿಗೆಯನ್ನು ತಿರುಗಿಸಿ ನೋಡಿ. ಬೆನ್ನಿನ ಚೀಟಿಯಲ್ಲಿ "ವಿದ್ಯುತ್ ಬಳಕೆ 60 ವ್ಯಾಟ್" ಎಂದಿರುತ್ತದೆ. ಗೋಡೆಯಿಂದ ಕುಡಿಯುವುದು ಅರವತ್ತು, ಸ್ಪೀಕರಿಗೆ ಬಡಿಸುವುದು ಸಾವಿರ! ದಿವಾನ್ ಶೇಷಾದ್ರಿ ಅಯ್ಯರ್ ಅವರಿಗೆ ಈ ಯಂತ್ರದ ಸುಳಿವು ಸಿಕ್ಕಿದ್ದರೆ ಶಿವನಸಮುದ್ರದಿಂದ ಇಲ್ಲಿಗೆ 147 ಕಿಲೋಮೀಟರ್ ತಂತಿ ಎಳೆಸುವ ಯೋಜನೆಗೆ ಕೈ ಹಾಕುತ್ತಲೇ ಇರಲಿಲ್ಲ. ಆ ತಂತಿಯಲ್ಲಿ 1902ರಲ್ಲಿ ಕರೆಂಟು ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಮೊದಲು ಗಣಿಗೆ, ಆಮೇಲೆ ದೊರೆಗಳ ಬಂಗಲೆಗೆ. ಗಣಿ ಕಾರ್ಮಿಕರ ಸಾಲುಮನೆಯ, ಅಂದರೆ ಲೈನ್ ಮನೆಯವನ ಪಾಳಿ ಕಟ್ಟಕಡೆಗೆ. ಆದ್ದರಿಂದ ಅವನ ಮೊಮ್ಮಗ ಈಗ ಬಾಕಿ ವ್ಯಾಟನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದಾನೆ ಎಂದರೆ ನನ್ನ ತಕರಾರಿಲ್ಲ. ಸಾಲದ ಪತ್ರದಲ್ಲಿ ಪಿಎಂಪಿಒ ಎಂದು ಬರೆಯಬೇಡಿ, ಅಷ್ಟೇ.

ಅಂಗಡಿಯಲ್ಲಿ ಪರೀಕ್ಷೆ ನಡೆಯುವ ಕ್ರಮವೂ ನಿಶ್ಚಿತ. 2018ರಿಂದೀಚೆಗೆ ಪರೀಕ್ಷೆಯ ಹಾಡೂ ನಿಶ್ಚಿತ: ನಮ್ಮೂರ ಗಣಿ ಮಣ್ಣಿನ ಸಯನೈಡ್ ದಿಬ್ಬದ ಮೇಲೆ ಚಿತ್ರೀಕರಣವಾದ, ನಮ್ಮೂರ ಹೆಸರೇ ಹೊತ್ತ ಆ ಸಿನಿಮಾದ ಅಬ್ಬರ. ಶಟರ್ ನಡುಗಿದರೆ ಮಾಲು ಒಳ್ಳೆಯದು. "ಎದೆ ಒಡೀಬೇಕಣ್ಣಾ" ಎನ್ನುತ್ತಾನೆ ಹುಡುಗ, ಹೃದಯ ತಜ್ಞರ ಜತೆ ಕಮಿಷನ್ ಒಪ್ಪಂದ ಇದ್ದವನ ಹಾಗೆ. ಒಬ್ಬ ಹೆಂಗಸು ಪಿಸುದನಿಯಲ್ಲಿ ಹಾಡಿದ್ದನ್ನು ಹಾಕಿ ಎಂದು ಕೇಳಿ ನೋಡಿ. ಅಂಥ ಹಾಡು ಅವನ ಪೆನ್‌ಡ್ರೈವಿನಲ್ಲಿಲ್ಲ.

ಇನ್ನು ಲೆಕ್ಕ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಸದ್ದು ಮಾಡುತ್ತದೆ. ಹತ್ತಡಿ ಕೋಣೆಯಲ್ಲಿ ಅದು ಅತ್ತೆಯ ಮಾತು ಕೇಳಿಸದಿರುವಷ್ಟು ಜೋರು. ನೂರು ವ್ಯಾಟನ್ನು ಇನ್ನೂರಕ್ಕೆ ಏರಿಸಿದರೆ ಹೆಚ್ಚುವುದು ಬರೀ ಮೂರು ಡೆಸಿಬಲ್, ಬೆಲೆ ಮಾತ್ರ ಕಿವಿಗಡಚಿಕ್ಕುವಷ್ಟು. ಸದ್ದು ಎರಡರಷ್ಟು ಎಂದು ಕಿವಿ ಒಪ್ಪಬೇಕಾದರೆ ಶಕ್ತಿ ಹತ್ತರಷ್ಟಾಗಬೇಕು. ಮದ್ದಳೆಯ ಪೆಟ್ಟು, ತುತ್ತೂರಿಯ ಏರು ಇವುಗಳಿಗೆಂದು ಧಾರಾಳವಾಗಿ ಎತ್ತಿಟ್ಟರೂ ಮೂವತ್ತು-ನಲವತ್ತು ಪ್ರಾಮಾಣಿಕ ವ್ಯಾಟ್ ಮನೆಗೆ ಸಾಕು. ಆದರೆ ಪ್ರಾಮಾಣಿಕ ಎಂಬ ಪದ ಕೇಳಿದೊಡನೆ ಗಿರಾಕಿಗೆ ಏನೋ ಕಡಿಮೆ ಕೊಡುತ್ತಿದ್ದಾರೆ ಎನಿಸುತ್ತದೆ.

ಕೊಂಡವನು ಅದನ್ನು ಕೇಳುವುದಾದರೂ ಯಾವಾಗ? ಕೋಳಿ ಕೂಗುವ ಮೊದಲು ಎದ್ದು ಮಾರಿಕುಪ್ಪಂನಲ್ಲಿ ರೈಲು ಹತ್ತಬೇಕು. ಚಿನ್ನದ ಗಣಿಗಳಿಗೆಂದು 1894ರಲ್ಲಿ ಹಾಕಿದ ಹಳಿ. ಈಗ ಅದರ ಮೇಲೆ ದಿನವೂ ಸಾಗುವುದು ಊರಿನ ಗಂಡಸರು, ಹೆಂಗಸರು. ಬಂಗಾರಪೇಟೆಗೆ ಬರುವಷ್ಟರಲ್ಲಿ ಒಂಟಿ ಕಾಲಿಗೆ ಜಾಗ, ಬೆಂಗಳೂರಿಗೆ ಬರುವಷ್ಟರಲ್ಲಿ ಅದೂ ಇಲ್ಲ. ರಾತ್ರಿ ವಾಪಸು ಬಂದು, ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿಂದು, ಮನೆ ಸೇರಿ ಸ್ವಿಚ್ ಒತ್ತುವಾಗ ಹತ್ತು ಗಂಟೆ. ಮಗು ಮಲಗಿದೆ. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಹೆಂಡತಿಯ ನಿಯಮ ಅದಕ್ಕಿಂತ ಬಿಗಿ. ಗುಂಡಿ ಒಂದರ ಗೆರೆ ದಾಟುವುದಿಲ್ಲ. ಸಾವಿರ ವ್ಯಾಟಿನ ಒಡೆಯ ಒಂದು ವ್ಯಾಟಿನ ನೂರನೇ ಒಂದು ಭಾಗದಲ್ಲಿ ಹಾಡು ಕೇಳುತ್ತಾ ನಿದ್ದೆ ಹೋಗುತ್ತಾನೆ. ಅಗ್ಗದ ಯಂತ್ರಗಳು ಸೊರಗುವುದು ಸರಿಯಾಗಿ ಆ ಮೊದಲ ಚೂರಿನಲ್ಲೇ: ಎರಡು ಟ್ರಾನ್ಸಿಸ್ಟರುಗಳು ಒಂದರ ಕೈಯಿಂದ ಇನ್ನೊಂದು ಅಲೆಯನ್ನು ಪಡೆಯುವ ಕಡೆ ಎಡವಿ, ಮೆಲುದನಿಗೆ ಮರಳು ಬೆರೆಸುತ್ತವೆ.

ಇಡುವ ಜಾಗದ ವಿಚಾರಕ್ಕೆ ಬಂದರೆ, ಅದು ಮನೆಯ ಸಂವಿಧಾನಕ್ಕೆ ಸೇರಿದ್ದು, ತಿದ್ದುಪಡಿಗೆ ಅವಕಾಶವಿಲ್ಲ. ಆಂಪ್ಲಿಫೈಯರ್ ಶೋಕೇಸಿನಲ್ಲೇ ಇರಬೇಕು, ಗಾಜು ಮುಚ್ಚಿರಬೇಕು. ತಲೆಯ ಮೇಲೆ ಕ್ರೋಶಾ ಹೊದಿಕೆ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್, ಅದರ ಮೇಲೆ ಪ್ಲಾಸ್ಟಿಕ್ ಗುಲಾಬಿ. ಬಿಸಿ ಹೋಗಲೆಂದು ಕೊರೆದ ಕಂಡಿಗಳೆಲ್ಲ ಕಸೂತಿಯಡಿ ಭದ್ರ. ಮೂರನೇ ಬೇಸಿಗೆಯಲ್ಲಿ ಅದು ಹೊಗೆ ಬಿಟ್ಟಾಗ "ಈಗಿನ ಮಾಲೇ ಹೀಗೆ" ಎಂಬ ತೀರ್ಪು. ಮೇಲೆ ಒಂದು ಗೇಣು ಖಾಲಿ ಬಿಡಿ ಎಂದವನಿಗೆ, ಬಾಡಿಗೆ ಮನೆಯಲ್ಲಿ ಮನುಷ್ಯರಿಗೇ ಅಷ್ಟು ಜಾಗವಿಲ್ಲ ಎಂಬ ಉತ್ತರ ಸಿಗುತ್ತದೆ. ಅದೇನೂ ಸುಳ್ಳಲ್ಲ.

ಸ್ಪೀಕರುಗಳಲ್ಲಿ ಒಂದು ಬೀರುವಿನ ತಲೆಯ ಮೇಲೆ, ಇನ್ನೊಂದು ಮಂಚದ ಕೆಳಗೆ, ಈರುಳ್ಳಿ ಬುಟ್ಟಿಯ ನೆರೆಯಲ್ಲಿ. ಸ್ಟೀರಿಯೋ ತಾನೇ, ಒಂದು ಆಕಾಶಕ್ಕೆ ಒಂದು ಪಾತಾಳಕ್ಕೆ. ಅವಸರದಲ್ಲಿ ಒಂದರ ಕೆಂಪು-ಕಪ್ಪು ತಂತಿ ಅದಲುಬದಲಾಗುತ್ತದೆ. ಒಂದು ಮುಂದಕ್ಕೆ ತಳ್ಳಿದ ಗಾಳಿಯನ್ನು ಇನ್ನೊಂದು ಹಿಂದಕ್ಕೆಳೆದು ಮಂದ್ರವೆಲ್ಲ ನಡುವಿನಲ್ಲೇ ಸಾಯುತ್ತದೆ. "ಬೇಸ್ ಇಲ್ಲ" ಎಂದು ಗಿರಾಕಿ ಅಂಗಡಿಗೆ ಓಡುತ್ತಾನೆ. "ವ್ಯಾಟ್ ಸಾಲದು ಸಾರ್" ಎಂದು ಅಂಗಡಿಯವನು ಎರಡು ಸಾವಿರದ್ದನ್ನು ಇಳಿಸುತ್ತಾನೆ, ಜತೆಗೊಂದು ಸಬ್‌ವೂಫರ್. ಎರಡು ತಂತಿ ತಿರುಗಿಸಿದ್ದರೆ ಮುಗಿಯುತ್ತಿತ್ತು. ಆದರೆ ತಂತಿ ತಿರುಗಿಸುವುದರಲ್ಲಿ ಯಾರಿಗೆ ಏನು ಲಾಭ?

ಮಜಾ ಏನೆಂದರೆ, ಕೇಳುವ ವಿದ್ಯೆಯಲ್ಲಿ ಲೋಕಕ್ಕೆ ಪಾಠ ಹೇಳಿದ ಊರು ಇದೇ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಒಸಾಕಾ ಸಿಟಿ ಮತ್ತು ಡರ್ಹ್ಯಾಮ್ ವಿಶ್ವವಿದ್ಯಾಲಯದವರೊಡನೆ, ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಹೂಡಿ ಕೂತರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಜಾಡು ಹಿಡಿದ ಜಗತ್ತಿನ ಮೊದಲಿಗರಲ್ಲಿ ಅವರೂ ಸೇರಿದರು. ಅಷ್ಟು ಕ್ಷೀಣವಾದ ಸಂಕೇತಕ್ಕೆ ಅವರು ಮಾಡಿದ ಮೊದಲ ಕೆಲಸ, ಮೇಲಿನ ಗದ್ದಲವನ್ನೆಲ್ಲ ಬಂಡೆಯ ಕೈಗೆ ಕೊಟ್ಟು ಕೆಳಗಿಳಿದದ್ದು. ನಮ್ಮ ಶೋಕೇಸ್ ಪಂಡಿತರಾಗಿದ್ದರೆ ಶಾಫ್ಟಿನ ಮೇಲಿನ ಹೆಡ್‌ಗೇರ್ ಗೋಪುರದ ತುದಿಗೆ ಎರಡು ಸಾವಿರ ವ್ಯಾಟ್ ಕಟ್ಟಿ ನ್ಯೂಟ್ರಿನೋವನ್ನು ಬೆದರಿಸಿ ಹೊರಡಿಸುತ್ತಿದ್ದರು.

ಇಷ್ಟಾದ ಮೇಲೂ ಒಂದು ಉಪದ್ರವ ಉಳಿಯುತ್ತದೆ: ಹಾಡಿನ ಹಿಂದೆ ಸದಾ "ಗುಂಯ್" ಎಂಬ ಜೀರುಂಡೆ. ಪ್ಲಗ್ಗಿನ ಮೂರನೇ ಕಾಲನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕಿದ ಪ್ರಸಾದ ಅದು. ಅಂಥದೊಂದು ಮನೆಗೆ ಎಲೆಕ್ಟ್ರಿಷಿಯನ್ ಬಂದು, ಪ್ಲಗ್ ಬದಲಿಸಿ, ಹಿತ್ತಲಿನ ಅರ್ಥಿಂಗ್ ಗುಂಡಿ ನೋಡಿ ತಲೆಯಾಡಿಸಿದ. ಇದ್ದಿಲು, ಉಪ್ಪು ಹಾಕಿದ್ದು ಸರಿಯೇ. ಆದರೆ ಈ ಕಲ್ಲು ನೆಲ ಒಣಗಿ ಬಿರಿದಿದೆ, ದಿನಾ ಎರಡು ಕೊಡ ನೀರು ಸುರಿಯಿರಿ ಎಂದ. ಕಾಲ ಕೆಳಗೆ ಮುಚ್ಚಿದ ಗಣಿಯ ಸುರಂಗಗಳಲ್ಲಿ ವರ್ಷಗಟ್ಟಲೆ ನೀರು ತುಂಬಿ ನಿಂತಿದೆ. ಮೇಲೆ ಬೀದಿಯಲ್ಲಿ ಟ್ಯಾಂಕರಿಗೆ ಸಾಲು. ಮನೆಯವರು ಕೂತು ಸಮಾಲೋಚಿಸಿದರು. ಎರಡು ಕೊಡ ನೀರನ್ನು ಗುಂಡಿಗೆ ಸುರಿಯುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ. ಗುಂಯ್ ಕೇಳಿಸದಿರಲಿ ಎಂದು ವಾಲ್ಯೂಮನ್ನೇ ಏರಿಸಿದರು.